ನಮ್ಮ ಅಕ್ಷಾಂಶದಿಂದ ಉಪಗ್ರಹ ನೋಡುವುದು: ಯಾವುದು, ಯಾವಾಗ, ಯಾವ ದಿಕ್ಕಿಗೆ?

ಜಯನಗರ_ತಾರಸಿ

ಉಪಗ್ರಹ ನೋಡುವುದು ಹೇಗೆ ಅಂತ ಹುಡುಕಿದರೆ ಸಿಗುವ ಬರಹಗಳು ಹೆಚ್ಚಾಗಿ ಯುರೋಪಿನಲ್ಲೋ ಅಮೆರಿಕದಲ್ಲೋ ಕೂತು ಬರೆದವು. "ಜೂನ್, ಜುಲೈ ಒಳ್ಳೆಯ ಕಾಲ, ರಾತ್ರಿಯಿಡೀ ಕಾಣುತ್ತವೆ" ಎನ್ನುತ್ತವೆ. ನಮ್ಮಲ್ಲಿ ಆ ತಿಂಗಳುಗಳಲ್ಲಿ ಮೋಡ. ಮೋಡ ಸರಿದ ದಿನವೂ ನಡುರಾತ್ರಿ ಬರಿಗಣ್ಣಿಗೆ ಹೆಚ್ಚೇನೂ ಸಿಗುವುದಿಲ್ಲ. ಹೊಸಬರು ಅದನ್ನೇ ನಂಬಿ, ಏನೂ ಕಾಣದೆ, ಬೇಜಾರಾಗಿ ಬಿಟ್ಟುಬಿಡುತ್ತಾರೆ. ಅದಕ್ಕೇ ನಮ್ಮ ಅಕ್ಷಾಂಶಕ್ಕೆ ಹೊಂದುವ ವಿಷಯ ಒಂದು ಕಡೆ ಇರಲಿ ಅಂತ ಈ ಚರ್ಚೆ ಶುರು ಮಾಡುತ್ತಿದ್ದೇನೆ.

ಉಪಗ್ರಹಕ್ಕೆ ಸ್ವಂತ ಬೆಳಕಿಲ್ಲ. ನಾವು ನೋಡುವುದು ಅದರ ಮೈಮೇಲೆ ಬಿದ್ದ ಬಿಸಿಲನ್ನು. ನಮಗೆ ಕತ್ತಲಾಗಿರಬೇಕು, ಅದಕ್ಕೆ ಇನ್ನೂ ಹಗಲಿರಬೇಕು. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ಇರುವುದು ಸುಮಾರು 420 ಕಿ.ಮೀ. ಎತ್ತರದಲ್ಲಿ. ನಮ್ಮ ನೆತ್ತಿಯ ಮೇಲೆ ಅಷ್ಟು ಎತ್ತರದಲ್ಲಿರುವ ವಸ್ತುವಿಗೆ ಕತ್ತಲಾಗಬೇಕಾದರೆ ಸೂರ್ಯ ನಮ್ಮ ದಿಗಂತದಿಂದ 20 ಡಿಗ್ರಿ ಕೆಳಗೆ ಇಳಿಯಬೇಕು. ಲಂಡನ್ನಿನಲ್ಲಿ ಜೂನ್ ನಡುರಾತ್ರಿಯೂ ಸೂರ್ಯ ಸುಮಾರು 15 ಡಿಗ್ರಿಗಿಂತ ಕೆಳಗೆ ಹೋಗುವುದಿಲ್ಲ. ಹಾಗಾಗಿ ಅಲ್ಲಿ ನಿಲ್ದಾಣಕ್ಕೆ ರಾತ್ರಿಯಿಡೀ ಬಿಸಿಲು.

ನಮ್ಮಲ್ಲಿ ಸೂರ್ಯ ಹೆಚ್ಚುಕಡಿಮೆ ನೆಟ್ಟಗೆ ಇಳಿಯುತ್ತಾನೆ. ಬೆಂಗಳೂರಿನಲ್ಲಿ ಡಿಸೆಂಬರ್ ಮಧ್ಯದಲ್ಲಿ ಸೂರ್ಯಾಸ್ತ 5.55ರ ಆಸುಪಾಸು. ನಕ್ಷತ್ರ ಕಾಣುವಷ್ಟು ಕತ್ತಲಾಗುವುದಕ್ಕೆ ಸುಮಾರು 6.25 ಆಗುತ್ತದೆ. 7.20ರ ಹೊತ್ತಿಗೆ ನೆತ್ತಿಯ ಮೇಲಿನ 420 ಕಿ.ಮೀ. ಎತ್ತರಕ್ಕೂ ಭೂಮಿಯ ನೆರಳು ಏರಿರುತ್ತದೆ. ಪಡುವಣದ ಕಡೆ ಇನ್ನೂ ಸ್ವಲ್ಪ ಹೊತ್ತು ಬಿಸಿಲಿರುತ್ತದೆ, ಮೂಡಣದಲ್ಲಿ ಬೇಗ ಮುಗಿಯುತ್ತದೆ. ಅಂದರೆ ಸಂಜೆ ಸುಮಾರು ಒಂದು ಗಂಟೆ, ಬೆಳಗಿನ ಜಾವ ಅದೇ ಥರ ಒಂದು ಗಂಟೆ. ನಮ್ಮ ಆಟ ಇಷ್ಟರಲ್ಲೇ. ದೀಪಾವಳಿ ಕಳೆದ ಮೇಲೆ ಫೆಬ್ರವರಿವರೆಗೆ ಆಕಾಶ ಚೆನ್ನಾಗಿರುತ್ತದೆ.

ಹೊತ್ತು ಕಡಿಮೆಯಾದರೂ, ಉತ್ತರದ ದೇಶದವರಿಗೆ ಎಂದೂ ಕಾಣದ ಕೆಲವು ನಮಗೆ ಸಿಗುತ್ತವೆ. ಅದರ ಬಗ್ಗೆ ಮುಂದೆ ಬರೆಯುತ್ತೇನೆ. ಮೊದಲು ನಿಮ್ಮ ಪ್ರಶ್ನೆಗಳು ಬರಲಿ.

ಧಾರವಾಡ_ಮೇಷ್ಟ್ರು

ಒಳ್ಳೆಯ ಕೆಲಸ ಮಾಡಿದಿರಿ. ನಮ್ಮ ಶಾಲೆಯ ಮಕ್ಕಳು ಯಾವಾಗಲೂ ಕೇಳುವ ಪ್ರಶ್ನೆಯನ್ನೇ ಕೇಳುತ್ತೇನೆ. ವಾಯವ್ಯದಿಂದ ಒಂದು ಚುಕ್ಕೆ ಏರಿ ಬರುತ್ತದೆ, ಶುಕ್ರನಷ್ಟು ಹೊಳೆಯುತ್ತದೆ, ನೆತ್ತಿ ದಾಟುತ್ತದೆ, ಆಮೇಲೆ ಆಕಾಶದ ನಡುವೆಯೇ ಮಾಯವಾಗುತ್ತದೆ. ಮೋಡ ಇಲ್ಲ, ಏನೂ ಅಡ್ಡ ಇಲ್ಲ. ಮಕ್ಕಳು "ಆರಿಹೋಯ್ತಾ ಸರ್?" ಅಂತಾರೆ.

ಜಯನಗರ_ತಾರಸಿ

ಮೇಷ್ಟ್ರೇ, ಆ ಕ್ಷಣವೇ ಇಡೀ ಹಾದಿಯಲ್ಲಿ ಅತ್ಯಂತ ಚೆಂದದ್ದು. ಅದು ಭೂಮಿಯ ನೆರಳಿನೊಳಗೆ ಹೋಗುತ್ತಿದೆ. ನಿಲ್ದಾಣದ ಮೇಲಿರುವವರಿಗೆ ಅದೇ ಸೂರ್ಯಾಸ್ತ. ಬೈನಾಕ್ಯುಲರ್‌ನಲ್ಲಿ ಗಮನಿಸಿದರೆ ಒಮ್ಮೆಲೇ ಆರುವುದಿಲ್ಲ ಅಂತ ಗೊತ್ತಾಗುತ್ತದೆ. ಬಿಳಿ ಬಣ್ಣ ಮೊದಲು ಹಳದಿಗೆ, ಆಮೇಲೆ ಕಿತ್ತಳೆಗೆ ತಿರುಗುತ್ತದೆ, ಕೆಂಪಾಗಿ ಕ್ಷೀಣಿಸುತ್ತದೆ. ನಮ್ಮ ಸಂಜೆಯ ಸೂರ್ಯ ಕೆಂಪಾಗುವ ಕಾರಣವೇ ಅಲ್ಲೂ ಕೆಲಸ ಮಾಡುತ್ತದೆ. ಬಿಸಿಲು ವಾತಾವರಣದ ಅಂಚಿನ ಮೂಲಕ ಹಾದು ಹೋಗಿ ಅದರ ಮೇಲೆ ಬೀಳುತ್ತಿರುತ್ತದೆ.

ಮಕ್ಕಳಿಗೆ ಒಂದು ಕೆಲಸ ಕೊಡಿ. ಅದು ಮಾಯವಾದ ಜಾಗದ ಹತ್ತಿರ ಯಾವ ನಕ್ಷತ್ರ ಇತ್ತು, ಗಂಟೆ ಎಷ್ಟು ಅಂತ ಬರೆದಿಟ್ಟುಕೊಳ್ಳಲಿ. ಸೂರ್ಯಾಸ್ತವಾಗಿ ಹೊತ್ತು ಕಳೆದಷ್ಟೂ ಮಾಯವಾಗುವ ಜಾಗ ಪಡುವಣಕ್ಕೆ ಸರಿಯುತ್ತದೆ. ನಾಲ್ಕಾರು ಸಂಜೆಯ ಟಿಪ್ಪಣಿ ಇದ್ದರೆ ಭೂಮಿಯ ನೆರಳು ಏರುವುದನ್ನು ಅವರೇ ಅಳೆದ ಹಾಗಾಗುತ್ತದೆ.

ಬೀದರ್_ಕೋಟೆ

ವಿಮಾನಕ್ಕೂ ಇದಕ್ಕೂ ವ್ಯತ್ಯಾಸ ಹೇಗೆ ಹೇಳುವುದು? ನಮ್ಮಲ್ಲಿ ವಾಯುಪಡೆಯ ನೆಲೆ ಇದೆ, ಸಂಜೆ ಹಾರಾಟ ಜಾಸ್ತಿ.

ಹಾಸನದ_ಕ್ಯಾಮೆರಾ

ಮಿನುಗುವ ಕೆಂಪು, ಹಸಿರು ದೀಪ ಇದ್ದರೆ ವಿಮಾನ. ಉಪಗ್ರಹದ ಬೆಳಕು ಒಂದೇ ಸಮ ಇರುತ್ತದೆ, ಸದ್ದಿಲ್ಲ, ದಾರಿ ಬದಲಿಸುವುದಿಲ್ಲ. ನಿಲ್ದಾಣ ದಿಗಂತದಿಂದ ದಿಗಂತಕ್ಕೆ ಹೋಗಲು ಸುಮಾರು ಹತ್ತು ನಿಮಿಷ ಬೇಕು. ಉಲ್ಕೆ ಆದರೆ ಒಂದೆರಡು ಸೆಕೆಂಡಿನಲ್ಲಿ ಮುಗಿಯಿತು.

ನಿಧಾನವಾಗಿ ಹೊಳೆದು, ಮಂಕಾಗಿ, ಮತ್ತೆ ಹೊಳೆಯುವುದನ್ನು ಕಂಡರೆ ಅದು ಹೆಚ್ಚಾಗಿ ಹಳೆಯ ರಾಕೆಟ್‌ನ ಖಾಲಿ ಹಂತ. ನಿಯಂತ್ರಣ ಇಲ್ಲದೆ ಉರುಳುತ್ತಿರುತ್ತದೆ. ಉದ್ದನೆಯ ಮೈ ನಮ್ಮ ಕಡೆ ತಿರುಗಿದಾಗ ಹೊಳಪು, ತುದಿ ತಿರುಗಿದಾಗ ಮಂಕು. ಸೋವಿಯತ್ ಕಾಲದ ಎಷ್ಟೋ ಹಂತಗಳು ಇವತ್ತಿಗೂ ಹೀಗೆ ಸುತ್ತುತ್ತಿವೆ. ಒಂದು ಹೊಳಪಿನಿಂದ ಇನ್ನೊಂದಕ್ಕೆ ಎಷ್ಟು ಸೆಕೆಂಡ್ ಅಂತ ಎಣಿಸಿದರೆ ಅದು ಉರುಳುವ ವೇಗ ಸಿಗುತ್ತದೆ.

1957ರ ಅಕ್ಟೋಬರ್ 4ರಂದು ಸ್ಪುಟ್ನಿಕ್ ಹಾರಿದ ಮೇಲೆ ಜಗತ್ತಿನ ಜನ ಅಂಗಳದಲ್ಲಿ ನಿಂತು ನೋಡಿದ್ದೂ ಹೆಚ್ಚಾಗಿ ಅದರ ರಾಕೆಟ್‌ನ್ನೇ. ಸ್ಪುಟ್ನಿಕ್ ಬರೀ 58 ಸೆಂ.ಮೀ. ಅಗಲದ ಗೋಳ, ಬರಿಗಣ್ಣಿಗೆ ಸಿಗುವುದು ಬಹಳ ಕಷ್ಟವಿತ್ತು.

ಜಯನಗರ_ತಾರಸಿ

ಈಗ ನಮ್ಮ ಅಕ್ಷಾಂಶದ ವಿಷಯಕ್ಕೆ ಬರುತ್ತೇನೆ. ಇದೇ ನನಗೆ ಮುಖ್ಯ.

ಪ್ರತಿ ಉಪಗ್ರಹಕ್ಕೂ ಎರಡು ಸಾಲಿನ ಕಕ್ಷೆಯ ಅಂಕಿಗಳು ಇರುತ್ತವೆ. ಇವನ್ನು ಟಿಎಲ್ಇ ಅಂತಾರೆ. ಎರಡನೇ ಸಾಲಿನಲ್ಲಿ ಉಪಗ್ರಹದ ಕ್ರಮಸಂಖ್ಯೆ ಆದ ಕೂಡಲೇ ಬರುವ ಅಂಕಿಯನ್ನು ನೋಡಿ. ಅದು ಕಕ್ಷೆಯ ಓರೆ, ಸಮಭಾಜಕಕ್ಕೆ ಎಷ್ಟು ಡಿಗ್ರಿ ವಾಲಿದೆ ಎನ್ನುವುದು. ನಿಲ್ದಾಣದ್ದು 51.6. ಚೀನಾದ ಬಾಹ್ಯಾಕಾಶ ನಿಲ್ದಾಣ ತಿಯಾಂಗಾಂಗ್‌ನದು 41.5. ಹಬಲ್ ದೂರದರ್ಶಕದ್ದು 28.5, ಯಾಕೆಂದರೆ ಅದನ್ನು ಹಾರಿಸಿದ ಫ್ಲಾರಿಡಾದ ಕೇಂದ್ರ ಇರುವುದೇ ಆ ಅಕ್ಷಾಂಶದಲ್ಲಿ. ಉಪಗ್ರಹ ಆ ಡಿಗ್ರಿಗಿಂತ ಉತ್ತರಕ್ಕಾಗಲಿ ದಕ್ಷಿಣಕ್ಕಾಗಲಿ ಹೋಗುವುದಿಲ್ಲ.

ಬೆಂಗಳೂರು 13, ಬೀದರ್ 18. ಎರಡೂ ಹಬಲ್‌ನ ಪಟ್ಟಿಯ ಒಳಗೇ ಇವೆ. 1990ರಿಂದ ಸುತ್ತುತ್ತಿರುವ, ನಾವು ಚಿತ್ರಗಳಲ್ಲಿ ನೋಡಿ ಬೆಳೆದ ಆ ದೂರದರ್ಶಕ ಹುಬ್ಬಳ್ಳಿಯ ತಾರಸಿಯ ನೆತ್ತಿಯ ಮೇಲೆ ಹಾದು ಹೋಗುತ್ತದೆ. ಬರಿಗಣ್ಣಿಗೆ ಚೆನ್ನಾಗಿ ಕಾಣುತ್ತದೆ, ಸಪ್ತರ್ಷಿ ಮಂಡಲದ ನಕ್ಷತ್ರಗಳಷ್ಟು ಹೊಳಪು. ಪಡುವಣದಿಂದ ಮೂಡಣಕ್ಕೆ ಹೋಗುತ್ತದೆ. ಕ್ರಮಸಂಖ್ಯೆ 20580. ನಿಲ್ದಾಣದ್ದು 25544.

ಇನ್ನೊಂದು ನಮ್ಮದೇ. ಆಸ್ಟ್ರೋಸ್ಯಾಟ್, 2015ರ ಸೆಪ್ಟೆಂಬರ್ 28ರಂದು ಶ್ರೀಹರಿಕೋಟಾದಿಂದ ಹಾರಿದ್ದು, ಕ್ರಮಸಂಖ್ಯೆ 40930. ಎತ್ತರ ಸುಮಾರು 650 ಕಿ.ಮೀ., ಓರೆ ಬರೀ 6 ಡಿಗ್ರಿ. ಹಾಗಾಗಿ ಬೆಂಗಳೂರಿನ ನೆತ್ತಿಗೆ ಅದು ಎಂದೂ ಬರುವುದಿಲ್ಲ, ದಕ್ಷಿಣದ ಆಕಾಶದಲ್ಲಿ ಹೆಚ್ಚೆಂದರೆ 35 ಡಿಗ್ರಿ ಏರುತ್ತದೆ. ಬೀದರಿನಲ್ಲಿ 19 ಡಿಗ್ರಿ. ಯುರೋಪಿನಲ್ಲಿ ದಿಗಂತದ ಮೇಲೆ ತಲೆ ಎತ್ತುವುದೇ ಇಲ್ಲ. ಮಂಕಾಗಿರುತ್ತದೆ, ಬೈನಾಕ್ಯುಲರ್ ಬೇಕು, ಊರಾಚೆಯ ಕತ್ತಲು ಬೇಕು. ಆದರೆ ಪ್ರತಿ ಸುತ್ತಿನಲ್ಲೂ ನಮ್ಮ ದಕ್ಷಿಣಕ್ಕೆ ಹಾದು ಹೋಗುವುದರಿಂದ ಅವಕಾಶ ಮತ್ತೆ ಮತ್ತೆ ಸಿಗುತ್ತದೆ. ನಮ್ಮ ನೆಲದಿಂದ ಹೋದ ಖಗೋಳ ವೀಕ್ಷಣಾಲಯವನ್ನು ನಮ್ಮ ಕಣ್ಣಲ್ಲೇ ನೋಡುವುದಕ್ಕೆ ಇಷ್ಟು ಕಷ್ಟಪಡಬಹುದು ಅಂತ ನನ್ನ ಅನಿಸಿಕೆ.

ಎಡಿನ್‌ಬರೋ_ಕನ್ನಡಿಗ

ಇಲ್ಲಿಂದ ದೃಢಪಡಿಸುತ್ತೇನೆ. ನಾನಿರುವುದು 56 ಡಿಗ್ರಿ ಉತ್ತರದಲ್ಲಿ. ಜೂನ್‌ನಲ್ಲಿ ನಿಲ್ದಾಣ ಒಂದೂವರೆ ಗಂಟೆಗೊಮ್ಮೆ ದಕ್ಷಿಣದ ಆಕಾಶದಲ್ಲಿ ಹಾಯುತ್ತದೆ, ಒಂದೇ ರಾತ್ರಿ ಮತ್ತೆ ಮತ್ತೆ ನೋಡಬಹುದು. ಆದರೆ ಹಬಲ್ ಇಲ್ಲಿ ಹುಟ್ಟುವುದೂ ಇಲ್ಲ, ಮುಳುಗುವುದೂ ಇಲ್ಲ. ಅದನ್ನು ನೋಡಿದ್ದು ರಜೆಗೆ ಸಾಗರಕ್ಕೆ ಬಂದಾಗ, ಅಮ್ಮನ ಮನೆಯ ಅಂಗಳದಿಂದ. ಇಲ್ಲಿನ ಖಗೋಳ ಗೆಳೆಯರಿಗೆ ಹೇಳಿದಾಗ ಅವರು ನಿಜವಾಗಿ ಹೊಟ್ಟೆಕಿಚ್ಚು ಪಟ್ಟರು.

ಮಲೆನಾಡ_ಮಳೆ

ಯಾವ ಆ್ಯಪ್ ಹಾಕಿಕೊಳ್ಳಲಿ? ಸುಮ್ನೆ ಹೊರಗೆ ಹೋಗಿ ನಿಂತರೆ ಸಾಕಾ?

ಹಾಸನದ_ಕ್ಯಾಮೆರಾ

ಸುಮ್ನೆ ನಿಂತರೂ ಏನಾದರೂ ಸಿಗುತ್ತದೆ. ಆದರೆ ಸಿಕ್ಕಿದ್ದು ಯಾವುದು ಅಂತ ಗೊತ್ತಾಗಬೇಕಾದರೆ ಹೆವೆನ್ಸ್ ಅಬೋವ್ ತಾಣ ಸಾಕು. ನಿಮ್ಮ ಊರನ್ನು ಸರಿಯಾಗಿ ಗುರುತಿಸಿ, ಬೆಂಗಳೂರು ಅಂತ ಹಾಕಿ ಬಿಡಬೇಡಿ. ತೀರ್ಥಹಳ್ಳಿಗೂ ಬೆಂಗಳೂರಿಗೂ ಏರುವ ಎತ್ತರ ಎಷ್ಟೋ ಬದಲಾಗುತ್ತದೆ. ಸ್ಟೆಲೇರಿಯಂ ಎಂಬ ಆಕಾಶ ನಕ್ಷೆಯ ಆ್ಯಪ್ ಇದ್ದರೆ ಹಾದಿ ಯಾವ ನಕ್ಷತ್ರದ ಪಕ್ಕ ಹೋಗುತ್ತದೆ ಅಂತಲೂ ಕಾಣುತ್ತದೆ. ಕಕ್ಷೆಯ ಅಂಕಿಗಳು ಹೊಸದಾಗಿರಬೇಕು, ಹಳೆಯದಾದಷ್ಟೂ ಸಮಯ ತಪ್ಪುತ್ತದೆ. ಗಾಳಿಯ ಎಳೆತದಿಂದ ಕಕ್ಷೆ ದಿನಾ ಸ್ವಲ್ಪ ಸ್ವಲ್ಪ ಕೆಳಗೆ ಬರುತ್ತಿರುತ್ತದೆ.

ದೂರದರ್ಶಕ ಬೇಡ. ಬರಿಗಣ್ಣು, ಆಮೇಲೆ ಒಂದು 7x50 ಅಥವಾ 10x50 ಬೈನಾಕ್ಯುಲರ್. ಅಷ್ಟೇ.

ಧಾರವಾಡ_ಮೇಷ್ಟ್ರು

ಇರಿಡಿಯಂ ಮಿಂಚು ನೆನಪಿದೆಯಾ ಯಾರಿಗಾದರೂ? ಆ ಫೋನ್ ಉಪಗ್ರಹಗಳ ನುಣುಪಾದ ಆಂಟೆನಾ ಹಲಗೆಗಳು ಬಿಸಿಲನ್ನು ನೇರವಾಗಿ ನಮ್ಮ ಮೇಲೆ ಎಸೆಯುತ್ತಿದ್ದವು. ಕೆಲವು ಸೆಕೆಂಡು ಶುಕ್ರನಿಗಿಂತ ಎಷ್ಟೋ ಪಟ್ಟು ಹೊಳೆದು ಆರುತ್ತಿತ್ತು. ಸಮಯವನ್ನು ಸೆಕೆಂಡಿನ ಲೆಕ್ಕದಲ್ಲಿ ಮೊದಲೇ ಹೇಳಬಹುದಿತ್ತು. ಮೈದಾನದಲ್ಲಿ ಮಕ್ಕಳನ್ನು ನಿಲ್ಲಿಸಿ "ಐದು, ನಾಲ್ಕು, ಮೂರು" ಅಂತ ಎಣಿಸಿ, ಸೊನ್ನೆ ಅಂದ ಕೂಡಲೇ ಅಲ್ಲೇ ಮಿಂಚಿದರೆ ಅವರ ಕೂಗಾಟ ಕೇಳಬೇಕಿತ್ತು. ಗಣಿತದ ಮೇಲೆ ನಂಬಿಕೆ ಹುಟ್ಟಿಸಲು ನನಗೆ ಅದಕ್ಕಿಂತ ಒಳ್ಳೆಯ ಪಾಠ ಸಿಕ್ಕಿಲ್ಲ. ಹಳೆಯ ಇರಿಡಿಯಂಗಳನ್ನು ಕೆಳಗಿಳಿಸಿ ಹೊಸ ವಿನ್ಯಾಸದವು ಬಂದ ಮೇಲೆ ಅದು ಹೋಯಿತು.

ಮಲೆನಾಡ_ಮಳೆ

ಈಗ ಅದರ ಬದಲು ಇಂಟರ್ನೆಟ್ ಕೊಡುವ ಸ್ಟಾರ್‌ಲಿಂಕ್ ಉಪಗ್ರಹಗಳು ಬಂದವಲ್ಲ. ಮಲ್ಲಿಗೆ ದಂಡೆಯ ಹಾಗೆ ಒಂದರ ಹಿಂದೆ ಒಂದು ಹೋಗುತ್ತಿದ್ದುದನ್ನು ನೋಡಿ ನಮ್ಮ ಊರಲ್ಲಿ ಕೆಲವರು ನಿಜವಾಗಿಯೂ ಹೆದರಿದ್ದರು. ಟಿವಿಯವರು ಅದನ್ನೇ ಇಡೀ ದಿನ ತಿರುಗಿಸಿದರು.

ಜಯನಗರ_ತಾರಸಿ

ಆ ಸಾಲು ಕಾಣುವುದು ಉಡಾವಣೆಯಾದ ಮೊದಲ ಕೆಲವು ದಿನ ಮಾತ್ರ. ಆಗ ಅವು ಕೆಳಗಿರುತ್ತವೆ, ಒತ್ತೊತ್ತಾಗಿರುತ್ತವೆ. ಆಮೇಲೆ ಒಂದೊಂದೇ 550 ಕಿ.ಮೀ. ಸುಮಾರಿಗೆ ಏರಿ ಚದುರುತ್ತವೆ, ಮಂಕಾಗುತ್ತವೆ. ಮೊದಲ 60 ಹೋದದ್ದು 2019ರ ಮೇ ತಿಂಗಳಲ್ಲಿ. ಒಂದು ದಿನ ಕಳೆಯುವುದರೊಳಗೆ ನೆದರ್‌ಲೆಂಡ್ಸ್‌ನ ಮಾರ್ಕೊ ಲಾಂಗ್‌ಬ್ರುಕ್ ಲೈಡನ್ ನಗರದಿಂದ ಆ ಸಾಲನ್ನು ಚಿತ್ರೀಕರಿಸಿದರು. ಕಕ್ಷೆಯ ಅಂಕಿ ಅಧಿಕೃತವಾಗಿ ಬರುವ ಮೊದಲೇ ತಾವೇ ಅಂದಾಜು ಹಾಕಿ ಕಾದಿದ್ದರು.

ಹೆದರಿದವರಿಗೆ ಹೇಳಬೇಕಾದ ಇನ್ನೊಂದಿದೆ. 2022ರ ಏಪ್ರಿಲ್ 2ರ ಸಂಜೆ ಮಹಾರಾಷ್ಟ್ರ, ಮಧ್ಯಪ್ರದೇಶದಲ್ಲಿ ಬೆಂಕಿಯ ಗೆರೆಗಳು ಒಟ್ಟೊಟ್ಟಿಗೆ ಸಾಗಿದ್ದು ನೆನಪಿದೆಯಲ್ಲ, ಅದು ಚೀನಾದ ರಾಕೆಟ್‌ನ ಹಂತ ವಾತಾವರಣಕ್ಕೆ ಮರಳಿದ್ದು. ಚಂದ್ರಾಪುರ ಜಿಲ್ಲೆಯಲ್ಲಿ ಲೋಹದ ದೊಡ್ಡ ಬಳೆಯೇ ಬಿದ್ದಿತ್ತು. ಹತ್ತಾರು ತುಂಡು ಒಂದೇ ದಿಕ್ಕಿಗೆ, ನಿಧಾನವಾಗಿ, ಉರಿಯುತ್ತಾ ಹೋದರೆ ಅದು ಮರಳುತ್ತಿರುವ ವಸ್ತು. ಸದ್ದಿಲ್ಲದೆ, ಉರಿಯದೆ, ಬಿಳಿ ಚುಕ್ಕೆಗಳು ಸಾಲಾಗಿ ಹೋದರೆ ಸ್ಟಾರ್‌ಲಿಂಕ್. ಊರಲ್ಲಿ ಒಬ್ಬರಿಗೆ ಇಷ್ಟು ಗೊತ್ತಿದ್ದರೆ ಸಾಕು, ಗಾಬರಿ ನಿಲ್ಲುತ್ತದೆ.

ಹಾಸನದ_ಕ್ಯಾಮೆರಾ

ನನಗೆ ಸ್ಟಾರ್‌ಲಿಂಕ್ ಬಗ್ಗೆ ಬೇಸರವಿದೆ, ಮುಚ್ಚಿಡುವುದಿಲ್ಲ. ಈಗ ಮೇಲೆ ಇರುವುದು 8 ಸಾವಿರಕ್ಕೂ ಜಾಸ್ತಿ. ಸಂಜೆ ತೆಗೆದ ಆಕಾಶದ ಫೋಟೊ ಒಂದರಲ್ಲೂ ಗೆರೆ ಇಲ್ಲದೆ ಇರುವುದಿಲ್ಲ. ಕಂಪನಿಯವರು ಕಪ್ಪು ಬಣ್ಣ ಬಳಿದು, ಬಿಸಿಲಿಗೆ ಮರೆ ಕಟ್ಟಿ ನೋಡಿದರು. ಬರಿಗಣ್ಣಿಗೆ ಮಂಕಾದವು ನಿಜ, ದೊಡ್ಡ ದೂರದರ್ಶಕಗಳಿಗೆ ಈಗಲೂ ತೊಂದರೆಯೇ. ಮೊಬೈಲ್‌ಗೆ ನೇರ ಸಿಗ್ನಲ್ ಕೊಡುವ ಬ್ಲೂವಾಕರ್ 3 ಎಂಬುದು 2022ರಲ್ಲಿ 64 ಚದರ ಮೀಟರ್ ಆಂಟೆನಾ ಬಿಚ್ಚಿದ ಮೇಲೆ ಆಕಾಶದ ಅತಿ ಹೊಳೆಯುವ ನಕ್ಷತ್ರಗಳ ಸಾಲಿಗೆ ಬಂತು. ಅದೇ ಕಂಪನಿಯ ಇನ್ನೂ ದೊಡ್ಡ ಉಪಗ್ರಹಗಳು ಈಗ ಹೋಗುತ್ತಿವೆ. ಆಕಾಶ ಎಲ್ಲರದೂ ಅಲ್ವಾ? ಯಾರನ್ನು ಕೇಳಿ ಇದನ್ನು ಮಾಡುತ್ತಾರೆ?

ಮಲೆನಾಡ_ಮಳೆ

ನಿಮ್ಮ ಬೇಸರ ಅರ್ಥವಾಗುತ್ತದೆ. ಆದರೆ ನಮ್ಮ ಊರಿಗೆ ಬಂದು ನೋಡಿ. ಮಳೆಗಾಲದಲ್ಲಿ ಮರ ಬಿದ್ದು ಕೇಬಲ್ ಹರಿದರೆ ವಾರಗಟ್ಟಲೆ ಏನೂ ಇಲ್ಲ. ಮಕ್ಕಳು ಫೋನ್ ಹಿಡಿದು ಗುಡ್ಡ ಹತ್ತುತ್ತಾರೆ. ಆಂಬುಲೆನ್ಸ್‌ಗೆ ಫೋನ್ ಮಾಡಲೂ ಗುಡ್ಡ ಹತ್ತಬೇಕು. ಆಕಾಶದಿಂದ ಸಿಗ್ನಲ್ ಬರುತ್ತದೆ ಅಂದರೆ ನಾವು ಬೇಡ ಅನ್ನುವುದು ಹೇಗೆ?

ಹೊಸಕೋಟೆ_ರಸ್ತೆ

ಇಬ್ಬರ ಮಾತಿಗೂ ಸೇರಿಸುವುದು ಒಂದಿದೆ. ಲಡಾಖ್‌ನ ಹಾನ್ಲೆಯಲ್ಲಿ, ಸುಮಾರು 4,500 ಮೀಟರ್ ಎತ್ತರದಲ್ಲಿ, ಭಾರತೀಯ ಖಭೌತ ಸಂಸ್ಥೆಯ 2 ಮೀಟರ್ ಹಿಮಾಲಯನ್ ಚಂದ್ರ ದೂರದರ್ಶಕ (ವಿಜ್ಞಾನಿ ಚಂದ್ರಶೇಖರ್ ಹೆಸರಿನದು) ಇದೆ. ಅದನ್ನು ನಡೆಸುವುದು ನಮ್ಮ ಹೊಸಕೋಟೆಯ ಕೇಂದ್ರದಿಂದ, ಉಪಗ್ರಹ ಸಂಪರ್ಕದ ಮೂಲಕ. ಉಪಗ್ರಹ ಇಲ್ಲದಿದ್ದರೆ ಅಷ್ಟು ದೂರದ ಕತ್ತಲಿನ ಆಕಾಶ ಇಲ್ಲಿ ಕೂತವರಿಗೆ ಸಿಗುತ್ತಲೇ ಇರಲಿಲ್ಲ. ಅದೇ ಹಾನ್ಲೆಯ ಸುತ್ತಲಿನ ಕತ್ತಲನ್ನು ಉಳಿಸಲು 2022ರಲ್ಲಿ ಅದನ್ನು ಕತ್ತಲ ಆಕಾಶದ ಮೀಸಲು ಪ್ರದೇಶ ಅಂತ ಘೋಷಿಸಿದರು. ನೆಲದ ದೀಪಕ್ಕೆ ನಿಯಮ ಮಾಡಬಹುದಾದರೆ ಮೇಲಿನ ಹೊಳಪಿಗೂ ಮಿತಿ ಹಾಕಬಹುದು. ಉಪಗ್ರಹ ಬೇಡ ಅನ್ನಬೇಕಿಲ್ಲ, ಬರಿಗಣ್ಣಿಗೆ ಕಾಣದಷ್ಟು ಮಂಕಾಗಿರಬೇಕು ಅಂತ ಕೇಳಬಹುದು. ಖಗೋಳ ವಿಜ್ಞಾನಿಗಳು ಕೇಳುತ್ತಿರುವುದೂ ಅದನ್ನೇ.

ಹಾಸನದ_ಕ್ಯಾಮೆರಾ

ಅದನ್ನು ಒಪ್ಪುತ್ತೇನೆ. ಹಾಸನದಲ್ಲಿ ಬೆಳೆದವನಿಗೆ ಉಪಗ್ರಹದ ಮೇಲೆ ಸಿಟ್ಟಾಗುವುದೂ ಕಷ್ಟ. ನಮ್ಮೂರಿನ ಮುಖ್ಯ ನಿಯಂತ್ರಣ ಕೇಂದ್ರ 1982ರಿಂದ ಇನ್ಸಾಟ್ ಉಪಗ್ರಹಗಳನ್ನು ನೋಡಿಕೊಳ್ಳುತ್ತಿದೆ. ಆ ದೊಡ್ಡ ಬಟ್ಟಲುಗಳನ್ನು ನೋಡುತ್ತಲೇ ನನಗೆ ಈ ಹುಚ್ಚು ಹತ್ತಿದ್ದು.

ಅವು ನೋಡಿಕೊಳ್ಳುವ ಭೂಸ್ಥಿರ ಉಪಗ್ರಹಗಳ ಫೋಟೊ ತೆಗೆಯುವುದು ಹೇಗೆ ಅಂತ ಹೇಳುತ್ತೇನೆ. ಸುಮಾರು 36 ಸಾವಿರ ಕಿ.ಮೀ. ದೂರ ಇರುವುದರಿಂದ ಬರಿಗಣ್ಣಿಗೆ ಕಾಣುವುದಿಲ್ಲ. ಆದರೆ ಅವು ಅಲುಗಾಡುವುದಿಲ್ಲ, ಅದೇ ಅನುಕೂಲ. ಜನವರಿ, ಫೆಬ್ರವರಿಯಲ್ಲಿ ಮಹಾವ್ಯಾಧನ (ಒರಾಯನ್ ನಕ್ಷತ್ರಪುಂಜದ) ಸೊಂಟದ ಮೂರು ನಕ್ಷತ್ರ ಮೇಲೇರಿದಾಗ ಕ್ಯಾಮೆರಾವನ್ನು ಟ್ರೈಪಾಡ್ ಮೇಲೆ ಇಟ್ಟು ಅತ್ತ ತಿರುಗಿಸಿ. 50 ಅಥವಾ 135 ಎಂ.ಎಂ. ಲೆನ್ಸ್ ಇರಲಿ. ಹತ್ತು ಸೆಕೆಂಡಿನ ಫೋಟೊಗಳನ್ನು ಕೆಲವು ನಿಮಿಷ ಬಿಡದೆ ತೆಗೆದು ಒಂದರ ಮೇಲೆ ಒಂದು ಸೇರಿಸಿ. ನಕ್ಷತ್ರಗಳೆಲ್ಲ ಗೆರೆಯಾಗುತ್ತವೆ. ಗೆರೆಗಳ ನಡುವೆ ಚುಕ್ಕೆಯಾಗಿಯೇ ಉಳಿದದ್ದು ಭೂಸ್ಥಿರ ಉಪಗ್ರಹ.

ಇಲ್ಲೂ ನಮ್ಮ ಅಕ್ಷಾಂಶದ ಮಾತಿದೆ. ಯುರೋಪಿನವರಿಗೆ ಅವು ಮಹಾವ್ಯಾಧನ ನೀಹಾರಿಕೆಗಿಂತಲೂ ಕೆಳಗೆ ಕಾಣುತ್ತವೆ. ನಮಗೆ ಆ ಸಾಲು ಸೊಂಟದ ಕೆಳತುದಿಯ ನಕ್ಷತ್ರದ ಪಕ್ಕದಲ್ಲೇ ಹಾಯುತ್ತದೆ. 83 ಡಿಗ್ರಿ ಪೂರ್ವ ರೇಖಾಂಶದ ಜಿಸ್ಯಾಟ್-10 ಉಪಗ್ರಹ ಬೆಂಗಳೂರಿನಿಂದ ದಿಗಂತಕ್ಕಿಂತ 73 ಡಿಗ್ರಿ ಮೇಲಿದೆ, ದಟ್ಟ ಗಾಳಿಯ ತೊಂದರೆ ಕಡಿಮೆ. ಮಾರ್ಚ್‌ನಲ್ಲಿ, ಸೆಪ್ಟೆಂಬರ್‌ನಲ್ಲಿ ಇವೂ ನಡುರಾತ್ರಿಯ ಹೊತ್ತಿಗೆ ಭೂಮಿಯ ನೆರಳಿಗೆ ಹೋಗುತ್ತವೆ. ಹೋಗುವ ಸ್ವಲ್ಪ ಮೊದಲು, ಹೊರಬಂದ ಸ್ವಲ್ಪ ಹೊತ್ತು ಹೊಳಪು ಏರುತ್ತದೆ. ಕೆಲವನ್ನು ಬೈನಾಕ್ಯುಲರ್‌ನಲ್ಲೂ ಹಿಡಿಯಬಹುದು.

ಬೀದರ್_ಕೋಟೆ

ಹವ್ಯಾಸಿಗಳ ಲೆಕ್ಕದಿಂದ ಯಾರಿಗಾದರೂ ಉಪಯೋಗ ಆಗಿದೆಯಾ? ಅಥವಾ ನಮ್ಮ ಖುಷಿಗೆ ಮಾತ್ರವಾ?

ಎಡಿನ್‌ಬರೋ_ಕನ್ನಡಿಗ

ಆಗಿದೆ. ನಾಸಾದ ಇಮೇಜ್ ಉಪಗ್ರಹ 2005ರ ಡಿಸೆಂಬರ್‌ನಲ್ಲಿ ಮೌನವಾಗಿತ್ತು. ಸತ್ತಿತು ಅಂತಲೇ ಎಲ್ಲರೂ ಬಿಟ್ಟಿದ್ದರು. 2018ರ ಜನವರಿಯಲ್ಲಿ ಕೆನಡಾದ ಹವ್ಯಾಸಿ ಸ್ಕಾಟ್ ಟಿಲ್ಲಿ ಬೇರೊಂದು ಉಪಗ್ರಹದ ರೇಡಿಯೊ ಸಂಕೇತ ಹುಡುಕುವಾಗ ಇದರ ದನಿ ಹಿಡಿದರು. ನಾಸಾ ಪರೀಕ್ಷಿಸಿ ಹೌದು, ಅದೇ ಎಂದಿತು. ಅಮೆರಿಕದ ಮಾನವರಹಿತ ಬಾಹ್ಯಾಕಾಶ ವಿಮಾನ ಎಕ್ಸ್-37ಬಿ 2010ರಲ್ಲಿ ಹಾರಿದಾಗಲೂ ಗುಟ್ಟಾಗಿಟ್ಟಿದ್ದ ಅದರ ಕಕ್ಷೆ ಪತ್ತೆ ಮಾಡಿದ್ದು ಬೈನಾಕ್ಯುಲರ್, ಸ್ಟಾಪ್‌ವಾಚ್ ಹಿಡಿದ ಹವ್ಯಾಸಿಗಳು.

ಧಾರವಾಡ_ಮೇಷ್ಟ್ರು

ಕೇಳುವುದಕ್ಕೂ ಸಿಗುತ್ತದೆ ಅನ್ನುವುದನ್ನು ಮರೆಯಬೇಡಿ. ನಿಲ್ದಾಣದ ಹ್ಯಾಮ್ (ಹವ್ಯಾಸಿ) ರೇಡಿಯೊ 145.800 ಮೆಗಾಹರ್ಟ್ಸ್‌ನಲ್ಲಿ ಕೆಳಗೆ ಬರುತ್ತದೆ. 2025ರ ಜುಲೈನಲ್ಲಿ ಶುಭಾಂಶು ಶುಕ್ಲಾ ಮೇಲಿದ್ದಾಗ ನಮ್ಮಲ್ಲಿ ಮೋಡ ಕವಿದಿತ್ತು, ಕಣ್ಣಿಗೆ ಕಾಣುವ ಆಸೆ ಇರಲಿಲ್ಲ. ಆದರೆ ಹ್ಯಾಮ್ ರೇಡಿಯೊ ಮೂಲಕ ಅವರು ಬೆಂಗಳೂರಿನ ಯು.ಆರ್. ರಾವ್ ಉಪಗ್ರಹ ಕೇಂದ್ರದಲ್ಲಿ ಸೇರಿದ್ದ ಮಕ್ಕಳ ಜೊತೆ ಮಾತಾಡಿದರು. ಪೀಣ್ಯದ ಶೆಡ್ಡುಗಳಲ್ಲಿ ಆರ್ಯಭಟ ಕಟ್ಟಿ 1975ರಲ್ಲಿ ಹಾರಿಸಿದ ತಂಡದ ಮುಂದಾಳು ಅದೇ ಯು.ಆರ್. ರಾವ್, ಉಡುಪಿ ಕಡೆಯ ಅದಮಾರಿನವರು.

ಜಯನಗರ_ತಾರಸಿ

ಬೀದರ್_ಕೋಟೆ ಅವರ ಪ್ರಶ್ನೆ ಓದಿದ ಮೇಲೆ ಒಂದು ಯೋಚನೆ ಬಂತು. ಬೀದರ್, ಬೆಂಗಳೂರು ಹೆಚ್ಚುಕಡಿಮೆ ಒಂದೇ ರೇಖಾಂಶದಲ್ಲಿವೆ, 77.5 ಡಿಗ್ರಿ ಸುಮಾರು. ಒಂದರ ನೇರ ಉತ್ತರಕ್ಕೆ ಇನ್ನೊಂದು, ನಡುವೆ ಸುಮಾರು 550 ಕಿ.ಮೀ. ಹಬಲ್‌ನ ಎತ್ತರ ಅಳೆಯಲು ಇದಕ್ಕಿಂತ ಒಳ್ಳೆಯ ಜೋಡಿ ಕರ್ನಾಟಕದಲ್ಲಿ ಸಿಗಲಿಕ್ಕಿಲ್ಲ.

ಹಬಲ್ ಬೀದರಿನ ನೆತ್ತಿಯ ಮೇಲೆ ಹೋಗುವ ಸಂಜೆ, ಅದೇ ಕ್ಷಣ ಬೆಂಗಳೂರಿನಲ್ಲಿ ಅದು ಉತ್ತರಕ್ಕೆ ಸುಮಾರು 38 ಡಿಗ್ರಿ ಎತ್ತರದಲ್ಲಿ ಕಾಣಬೇಕು. ನೆಲ ಚಪ್ಪಟೆ ಅಂತ ಇಟ್ಟುಕೊಂಡು ಲೆಕ್ಕ ಹಾಕಿದರೆ ಎತ್ತರ 430 ಕಿ.ಮೀ. ಬರುತ್ತದೆ. ಭೂಮಿಯ ಬಾಗು ಸೇರಿಸಿದರೆ 500ರ ಆಸುಪಾಸು, ಅದೇ ಸರಿಯಾದದ್ದು. ಅಂದರೆ ಒಂದೇ ಪ್ರಯೋಗದಲ್ಲಿ ಹಬಲ್‌ನ ಎತ್ತರವೂ ಸಿಗುತ್ತದೆ, ಭೂಮಿ ದುಂಡಗಿರುವುದೂ ಲೆಕ್ಕದಲ್ಲೇ ಕಾಣುತ್ತದೆ. ಮೇಷ್ಟ್ರೇ, ನಿಮ್ಮ ಮಕ್ಕಳು ಲೆಕ್ಕ ಮಾಡಬಹುದಾ?

ಧಾರವಾಡ_ಮೇಷ್ಟ್ರು

ಹತ್ತನೇ ತರಗತಿಯ ತ್ರಿಕೋನಮಿತಿ ಸಾಕು. ಬಾಗಿನ ಭಾಗ ನಾನು ಬೋರ್ಡ್ ಮೇಲೆ ಬಿಡಿಸಿ ತೋರಿಸುತ್ತೇನೆ.

ಬೀದರ್_ಕೋಟೆ

ನಾನು ತಯಾರು. ಕೋಟೆಯ ಹಿಂದಿನ ಬಯಲಲ್ಲಿ ನಿಲ್ಲುತ್ತೇನೆ. ಏನೇನು ಬರೆದುಕೊಳ್ಳಬೇಕು ಹೇಳಿ.

ಜಯನಗರ_ತಾರಸಿ

ಫೋನಿನ ಗಡಿಯಾರ ಇಂಟರ್ನೆಟ್ ಸಮಯಕ್ಕೆ ಹೊಂದಿರಲಿ. ಕ್ಯಾಮೆರಾವನ್ನು ಟ್ರೈಪಾಡ್ ಮೇಲೆ ನೆತ್ತಿಗೆ ತಿರುಗಿಸಿ, ಐದೈದು ಸೆಕೆಂಡಿನ ಫೋಟೊ ತೆಗೆಯಿರಿ. ಪ್ರತಿ ಫೋಟೊ ಶುರುವಾದ ಕ್ಷಣ ಸೆಕೆಂಡಿನವರೆಗೆ ಗೊತ್ತಿರಬೇಕು. ಹಬಲ್‌ನ ಗೆರೆಯ ಶುರು ಮತ್ತು ಕೊನೆ ಯಾವ ನಕ್ಷತ್ರಗಳ ನಡುವೆ ಬಂತು ಅಂತ ಸ್ಟೆಲೇರಿಯಂನಲ್ಲಿ ಗುರುತಿಸಿ. ನಾನು ಇಲ್ಲಿ ಉತ್ತರಕ್ಕೆ ಕ್ಯಾಮೆರಾ ಇಟ್ಟು ಅದನ್ನೇ ಮಾಡುತ್ತೇನೆ. ಬೀದರಿನ ನೆತ್ತಿಗೆ ಹತ್ತಿರ ಬರುವ ಸಂಜೆಗಳನ್ನು ಹೊಸ ಅಂಕಿ ಹಾಕಿ ನೋಡಿ ನಾಳೆ ಇಲ್ಲೇ ಬರೆಯುತ್ತೇನೆ. ಕಲಬುರಗಿ, ರಾಯಚೂರು, ಬಳ್ಳಾರಿ ಕಡೆಯವರು ಯಾರಾದರೂ ಸೇರಿದರೆ ನಡುವಿನ ಅಳತೆಯೂ ಸಿಗುತ್ತದೆ. ಊರಿನ ಹೆಸರು, ಬೈನಾಕ್ಯುಲರ್ ಇದೆಯೋ ಕ್ಯಾಮೆರಾ ಇದೆಯೋ ಅನ್ನುವುದನ್ನು ಕೆಳಗೆ ಬರೆಯಿರಿ.